ಸೌತೆಬೀಜದಂಥ ಹುಳ

ಮುಂಬಯಿಯ ಸಯನ್‌ನ ನಮ್ಮ ಮನೆಯಲ್ಲಿ ಆ ಹುಳವನ್ನು ಮೊದಲು ಕಂಡವಳು ನನ್ನ ಹೆಂಡತಿ. ಮಳೆ ಹಿಡಿದು ಎರಡು ವಾರವಾಗಿತ್ತು. ಹಾಲ್‌ನ ಗೋಡೆಯಲ್ಲಿ, ಸ್ವಿಚ್ ಬೋರ್ಡಿನಿಂದ ಒಂದು ಗೇಣು ಮೇಲೆ, ಬೂದು ಬಣ್ಣದ ಚಪ್ಪಟೆ ಚೂರೊಂದು ಅಂಟಿಕೊಂಡಿತ್ತು. ಸುಣ್ಣ ಎದ್ದಿದೆ ಎಂದುಕೊಂಡು ಅವಳು ಉಗುರಿನಿಂದ ಕೆರೆಯಲು ಹೋದಳು. ಚೂರು ತಾನಾಗಿಯೇ ಸ್ವಲ್ಪ ಮುಂದಕ್ಕೆ ಸರಿಯಿತು. ಬೊರಿವಲಿಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಹುಳಹುಪ್ಪಟೆ ಎಂದರೆ ಮೊದಲಿನಿಂದಲೂ ಆಗದು. "ಅರೇ, ಇದು ಹಿಲ್ತಾ ಇದೆ, ನೋಡಿ ಬನ್ನಿ" ಎಂದು ಕರೆದಳು.

ಯಾವ ವಸ್ತುವನ್ನೇ ಆಗಲಿ, ಅದೇನು ಎಂದು ಹೇಳಿ ಮುಗಿಸದೆ ನನಗೆ ಸಮಾಧಾನವಿಲ್ಲ. ಅದು ಸ್ವಭಾವವೋ ಸಂಬಳದ ಅಭ್ಯಾಸವೋ ಹೇಳಲಾರೆ. ಪರೇಲ್‌ನಲ್ಲಿ ಬಟ್ಟೆ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ನನ್ನ ಬಹುಪಾಲು ಆಯುಷ್ಯ ಕಳೆದಿದೆ. ಬಟ್ಟೆಯ ತುಂಡು ಬರುತ್ತದೆ. ಹತ್ತಿಯೋ, ಉಣ್ಣೆಯೋ, ಪಾಲಿಯೆಸ್ಟರ್ ಬೆರೆತಿದೆಯೋ, ಒಂದು ಅಂಗುಲಕ್ಕೆ ಎಷ್ಟು ಎಳೆ, ಇಷ್ಟನ್ನು ಬರೆದು ಸಹಿ ಹಾಕುವುದು ನನ್ನ ಕೆಲಸ. ಎಳೆಗಳನ್ನು ದೊಡ್ಡದಾಗಿ ತೋರಿಸುವ, ಎಳೆ ಎಣಿಸುವ ಪುಟ್ಟ ಗಾಜೊಂದು ಸದಾ ನನ್ನ ಜೇಬಿನಲ್ಲಿರುತ್ತದೆ. ಹಿತ್ತಾಳೆಯ ಚೌಕಟ್ಟಿನದು, ಮಡಚಿಟ್ಟರೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಮದುವೆ ಮನೆಯಲ್ಲಿ ಕೂತರೂ ಎದುರಿನವರ ಶಾಲಿನ ಮೇಲೆ ನನ್ನ ಕಣ್ಣು ಹೋಗುತ್ತದೆಂದು ಹೆಂಡತಿ ನಾಲ್ಕು ಜನರ ಮುಂದೆ ಹೇಳಿ ನಗುತ್ತಾಳೆ. ಅದು ಸುಳ್ಳಲ್ಲ.

ಗಾಜು ಹಿಡಿದು ನೋಡಿದೆ. ಸೌತೆಬೀಜದಷ್ಟೇ ಗಾತ್ರ, ಎರಡೂ ತುದಿ ಚೂಪು, ನಡುವೆ ಸ್ವಲ್ಪ ಅಗಲ. ಮೈತುಂಬ ಮರಳು, ಸುಣ್ಣದ ಪುಡಿ. ಅಷ್ಟರಲ್ಲಿ ಒಂದು ತುದಿಯಿಂದ ಕಂದು ಬಣ್ಣದ ತಲೆಯೊಂದು ಹೊರಬಂದು, ಗೋಡೆಯನ್ನು ಹಿಡಿದು, ಮಿಕ್ಕ ಮೈಯನ್ನು ಎಳೆದುಕೊಂಡಿತು. ಚೀಲದೊಳಗೆ ಕೂತು ಚೀಲವನ್ನೇ ಎಳೆಯುವ ಹುಳ.

"ಏನೈತೋ ತಮ್ಮಾ ಅದು?" ಎಂದು ದಿವಾನಿನ ಮೇಲಿನಿಂದ ಅತ್ತೆ ಕೇಳಿದಳು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನನಗೆ ಬಹಳ ಕಷ್ಟದ ಕೆಲಸ. ನೋಡಿ ಹೇಳುತ್ತೇನೆ ಎಂದೆ.

ಅತ್ತೆ ಎಂದರೆ ನನ್ನ ತಂದೆಯ ಕೊನೆಯ ತಂಗಿ. ವಿಜಯಪುರದಿಂದ ಬಂದು ಆಗ ನಮ್ಮ ಮನೆಯಲ್ಲಿದ್ದಳು. ಎದೆಯಲ್ಲಿ ಗಂಟು ಕಂಡಿತ್ತು. ಪರೇಲ್‌ನ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಸಲೈನ್‌ನಲ್ಲಿ ಔಷಧ ಹಾಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ತನ್ನ ಓಣಿಯ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಕೆಲಸ ಶುರು ಮಾಡಿದ್ದಳು. ಅವಳ ಮಾತೇ ಅಲ್ಲಿ ಕಾಯಿದೆ. ಬರುವಾಗ ಆ ಹೆಂಗಸರಿಗೆಲ್ಲ ಮುಂಬಯಿಗೆ ಕಣ್ಣಿನ ಪೊರೆ ತೆಗೆಸಲು ಹೊರಟಿದ್ದೇನೆ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಸಕ್ಕರೆ ಕಾಯಿಲೆ ಇರುವುದರಿಂದ ತಡವಾಗುತ್ತದೆ ಎಂದು ಹೇಳಿ ಬಂದಿದ್ದಳು. ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳಿದಾಗ ಅವಳು ಕೊಟ್ಟ ಉತ್ತರ ಒಂದೇ ಸಾಲಿನದು. "ಇಂಥಾ ಬ್ಯಾನಿ ಬಂದಾಕಿ ಕೈಯಾನ ರೊಟ್ಟಿ ಯಾರ ತಗೊಂತಾರ? ನಾ ಹೆಂಗ ಬಂದೀನೋ ಹಂಗ ತಿರುಗಿ ಹೋಗಬೇಕು." ಅಷ್ಟೊಂದು ನೋವು ತಿನ್ನುತ್ತಿದ್ದ ಹೆಂಗಸು ನನ್ನ ಹತ್ತಿರ ಕೇಳಿಕೊಂಡದ್ದು ಇದೊಂದನ್ನೇ.

ಬಂದಾಗ ಅವಳ ಸೆರಗಿನ ಹಿಂದೆ ದೊಡ್ಡ ತುರುಬಿನ ಉಬ್ಬು ಇತ್ತು. ಎರಡನೆಯ ಸಲೈನ್ ಆದ ಮೇಲೆ ಅವಳು ತಲೆಗೆ ಹತ್ತಿಯ ಬಟ್ಟೆ ಕಟ್ಟಿ, ಮೇಲೆ ಸೆರಗು ಹೊದೆಯತೊಡಗಿದಳು. ಉಬ್ಬು ಸಣ್ಣದಾಗುತ್ತ ಹೋಗಿ ಒಂದು ದಿನ ಇಲ್ಲವಾಯಿತು. ಇದನ್ನು ನಾನು ನೋಡಿದ್ದೆ. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಇದರಲ್ಲಿ ಕೇಳುವುದೇನಿದೆ ಎಂದುಕೊಂಡು ಸುಮ್ಮನಿದ್ದೆ. ಬಾತ್‌ರೂಮಿನ ಜಾಲಿಯಲ್ಲಿ ಒಂದೇ ಒಂದು ಕೂದಲು ಸಿಕ್ಕುವುದಿಲ್ಲ, ನಿಮ್ಮ ಅತ್ತೆಯ ಅಚ್ಚುಕಟ್ಟುತನ ಎಂಥದ್ದು ಎಂದು ಹೆಂಡತಿ ಮೆಚ್ಚಿಕೊಂಡಿದ್ದಳು. ನಾನೂ ಹೌದು ಎಂದಿದ್ದೆ.

ಒಂದು ವಾರದಲ್ಲಿ ಗೋಡೆಯ ಮೇಲೆ ಅಂಥವು ಒಂಬತ್ತಾದವು. ಹೆಚ್ಚಿನವು ದಿವಾನಿನ ಹಿಂದಿನ ಗೋಡೆಯಲ್ಲಿ, ಮಳೆಯ ಪಸೆ ಇಳಿಯುವ ಮೂಲೆಯಲ್ಲಿ. ಪೆಸ್ಟ್ ಕಂಟ್ರೋಲ್‌ನವನನ್ನು ಕರೆಸಿದೆವು. ಅವನು ದೂರದಿಂದಲೇ ಟಾರ್ಚ್ ಬಿಟ್ಟು, ಇವು ಕಚ್ಚುವ ಜಾತಿಯವು, ಮೂರು ಸಲ ಔಷಧ ಹೊಡೆಯಬೇಕು, ಪ್ರತಿ ಸಲವೂ ಎರಡು ದಿನ ಮನೆ ಖಾಲಿ ಇರಬೇಕು ಎಂದು ಹಿಂದಿಯಲ್ಲಿ ಹೇಳಿದ. ಆಸ್ಪತ್ರೆಯಲ್ಲಿ ಕೇಳಿದರೆ ಡಾಕ್ಟರು, ರೋಗಿಯ ರಕ್ತ ಈಗ ಬಹಳ ಇಳಿದಿದೆ, ಕಚ್ಚುವ ಹುಳವಿದ್ದರೆ ಆ ಮನೆಯಲ್ಲಿ ಇಡಬೇಡಿ, ಔಷಧದ ವಾಸನೆಯಲ್ಲೂ ಇಡಬೇಡಿ ಎಂದರು. ಹೆಂಡತಿ ಬೊರಿವಲಿಯ ತನ್ನ ತಾಯಿಯ ಮನೆಗೆ ಅತ್ತೆಯನ್ನು ಕಳಿಸೋಣ ಎಂದಳು. ಅಲ್ಲಿಂದ ಪರೇಲ್‌ಗೆ ಲೋಕಲ್‌ನಲ್ಲಿ ಬರುವುದು ಆ ಸ್ಥಿತಿಯಲ್ಲಿ ಆಗದ ಮಾತು. ಅತ್ತೆಗೆ ಮಾತ್ರ ದೂರದ ಚಿಂತೆ ಇರಲಿಲ್ಲ. ಇನ್ನೊಂದು ಮನೆಯವರು ತನ್ನನ್ನು ಈ ಸ್ಥಿತಿಯಲ್ಲಿ ನೋಡಿದರೆ ಬಾಯಿಂದ ಬಾಯಿಗೆ ಹೋಗಿ ಊರಿಗೆ ಮುಟ್ಟುತ್ತದೆ ಎಂಬುದೇ ಅವಳ ಭಯವಾಗಿತ್ತು.

ಹೀಗೆ ಹುಳದ ಹೆಸರು ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೇಸರವಾಯಿತು ಎಂದರೆ ಸುಳ್ಳಾದೀತು. ಒಳಗೊಳಗೇ ಖುಷಿಯಾಗಿತ್ತು.

ಎರಡು ಹುಳಗಳನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿ ಮುಚ್ಚಳಕ್ಕೆ ತೂತು ಮಾಡಿದೆ. ಫೋಟೊ ತೆಗೆದು ಫೋನಿಗೆ ಕೇಳಿದರೆ ಅದು ಒಮ್ಮೆ ಕುಂಬಳಬೀಜ ಎಂದಿತು, ಮತ್ತೊಮ್ಮೆ ಕಲ್ಲು ಎಂದಿತು. ಆಫೀಸಿನಲ್ಲಿ ತೋರಿಸಿದೆ. ಒಬ್ಬರು ಗೆದ್ದಲಿನ ಮರಿ ಎಂದರು, ಒಬ್ಬರು ತಿಗಣೆಯ ಮೊಟ್ಟೆ ಎಂದರು. ಬಟ್ಟೆಯ ವಿಷಯದಲ್ಲಿ ಅಷ್ಟು ಎಚ್ಚರದಿಂದ ಮಾತಾಡುವ ಜನ ಹುಳದ ವಿಷಯಕ್ಕೆ ಬಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ. ಮೂರನೆಯ ದಿನ ಬಾಟಲಿಯೊಳಗಿನ ಹುಳ ಒಂದು ತುದಿಯಿಂದ ತಲೆ ಹೊರಹಾಕಿತು, ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯಿಂದ ಅದೇ ತಲೆ ಹೊರಬಂತು. ಚೀಲಕ್ಕೆ ಎರಡೂ ಕಡೆ ಬಾಗಿಲು. ಆ ಒಂದು ಗುರುತು ಹಿಡಿದು ಹುಡುಕಿದಾಗ ಎಲ್ಲವೂ ಸಿಕ್ಕಿತು. ಅದು ಪುಟ್ಟ ಪತಂಗವೊಂದರ ಮರಿ. ಕಚ್ಚುವುದಿಲ್ಲ. ರೋಗ ತರುವುದಿಲ್ಲ. ಪಸೆ ಇರುವ ಮನೆಗಳಲ್ಲಿ ಹುಟ್ಟಿ, ಕೈಗೆ ಸಿಕ್ಕ ದೂಳು, ಮರಳು, ಎಳೆಗಳಿಂದ ಮೈಸುತ್ತ ಚೀಲ ಹೆಣೆದುಕೊಳ್ಳುತ್ತದೆ. ಜೇಡನ ಬಲೆ, ಉಣ್ಣೆ, ಕೂದಲು, ಸತ್ತ ಹುಳ ಇದರ ಆಹಾರ. ಹೀಗೆ ಬರೆದಿತ್ತು. ಕೂದಲು ಎಂಬ ಮಾತು ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಅದನ್ನು ಓದಿ ದಾಟಿ ಹೋದೆ.

ಡಾಕ್ಟರಿಗೆ ಹೇಳಿದೆ, ಹೆಂಡತಿಗೆ ಹೇಳಿದೆ, ಪೆಸ್ಟ್ ಕಂಟ್ರೋಲ್‌ನವನಿಗೆ ಬೇಡ ಎಂದು ಹೇಳಿದೆ. ಅತ್ತೆಗೆ ಹೇಳಿದಾಗ, "ನಮ್ಮ ಕಡೆ ಇದಕ್ಕ ನುಸಿ ಅಂತೀವಲ್ಲ, ಅದರ ತಂಗಿ ಇರಬೇಕು" ಎಂದಳು. ನನ್ನ ಮೂರು ದಿನದ ಕೆಲಸವನ್ನು ಅವಳು ಅರ್ಧ ಮಾತಿನಲ್ಲಿ ಮುಗಿಸಿದ್ದಳು. ಮನೆ ಬಿಟ್ಟು ಹೋಗುವುದು ತಪ್ಪಿತಲ್ಲ ಎಂದು ಅವಳ ಮುಖ ಅರಳಿದ್ದು ಕಂಡು ನನಗೆ ಹೆಮ್ಮೆಯೂ ಆಯಿತು.

ಆದರೆ ಹುಳಗಳು ಬರುವುದು ನಿಲ್ಲಲಿಲ್ಲ. ಕಚ್ಚದಿದ್ದರೇನು, ಎಲ್ಲೋ ಏನನ್ನೋ ತಿಂದು ಹೆಚ್ಚುತ್ತಿವೆಯಲ್ಲ ಎಂದು ಹೆಂಡತಿ ಗೊಣಗಿದಳು. ಹಾಗಾದರೆ ಏನು ತಿನ್ನುತ್ತಿವೆ ಎಂಬುದನ್ನೂ ಹೇಳಿಬಿಡುತ್ತೇನೆ ಎಂದು ಒಂದು ಶನಿವಾರ ಕೂತೆ. ಖಾಲಿಯಾದ ಒಂದು ಚೀಲವನ್ನು ಬಿಳಿ ಕಾಗದದ ಮೇಲಿಟ್ಟು ಸೂಜಿಯಿಂದ ಬಿಡಿಸಿದೆ. ಗಾಜಿನಡಿ ನಮ್ಮ ಸಂಸಾರವೇ ಇತ್ತು. ಗೋಡೆಯ ಸುಣ್ಣ, ಪರದೆಯ ನೀಲಿ ಪಾಲಿಯೆಸ್ಟರ್, ಹೆಂಡತಿಯ ಟವೆಲಿನ ಗುಲಾಬಿ ಹತ್ತಿ. ಇವುಗಳ ನಡುವೆ ದಪ್ಪನೆಯ ಕರಿ ಎಳೆಗಳು, ಅಲ್ಲಲ್ಲಿ ಬಿಳಿಯವು. ಅವನ್ನು ಚಿಮಟದಲ್ಲಿ ಹಿಡಿದು ಅಡುಗೆಮನೆಯಲ್ಲಿ ಕಡ್ಡಿ ಗೀರಿ ಸುಟ್ಟೆ. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ. ಹತ್ತಿ ಸುಟ್ಟರೆ ಕಾಗದದ ವಾಸನೆ, ಪಾಲಿಯೆಸ್ಟರ್ ಕರಗುತ್ತದೆ, ಉಣ್ಣೆಯಾದರೆ ಮುದುಡಿ, ಕರಿ ಮಣಿಯಂತಾಗಿ, ಕೂದಲು ಸುಟ್ಟ ವಾಸನೆ ಬರುತ್ತದೆ. ಅದೇ ವಾಸನೆ ಬಂತು. ಉಣ್ಣೆ ಎಂದು ತೀರ್ಮಾನಿಸಿದೆ.

ನಮ್ಮ ಮನೆಯಲ್ಲಿ ಉಣ್ಣೆಯದೆಂದು ಇದ್ದದ್ದು ಒಂದೇ ವಸ್ತು. ಅತ್ತೆ ಊರಿನಿಂದ ತಂದಿದ್ದ ಕರಿಕಂಬಳಿ, ಬಿಳಿ ಅಂಚಿನದು. ಮಾವ ಬದುಕಿದ್ದಾಗ ಸಂತೆಯಲ್ಲಿ ಕುರುಬರ ಹತ್ತಿರ ಕೊಂಡದ್ದು. ಆಸ್ಪತ್ರೆಯಿಂದ ಬಂದ ದಿನ ಅವಳಿಗೆ ಚಳಿ ಹತ್ತುತ್ತಿತ್ತು. ಆಗ ಅದನ್ನೇ ಹೊದ್ದು ಮಲಗುತ್ತಿದ್ದಳು. ಮಿಕ್ಕ ದಿನ ಅದು ದಿವಾನಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಅದೇ ಪಸೆ ಹಿಡಿದ ಗೋಡೆಯ ಪಕ್ಕ. ಎಲ್ಲ ಸರಿಯಾಗಿ ಕೂಡಿತು.

ಹಾಲಿಗೆ ಬಂದು, ಅತ್ತೆ, ಇದು ನಿನ್ನ ಕಂಬಳಿಯ ಹುಳ, ಪೆಟ್ಟಿಗೆ ತೆಗೆದು ನೋಡಬೇಕು ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, ನನಗೆ ಆಶ್ಚರ್ಯವಾಗುವಷ್ಟು ಬೇಗ ಎದ್ದು, ನಾನು ಬಗ್ಗುವ ಮೊದಲೇ ತಾನೇ ಹಲಗೆ ಎತ್ತಿ, ಕಂಬಳಿಯನ್ನು ಹೊರಗೆಳೆದು ನನ್ನ ಕೈಯಲ್ಲಿಟ್ಟು, ಹಲಗೆ ಮುಚ್ಚಿ ಅದರ ಮೇಲೆ ಕೂತಳು. "ಒಯ್ದು ಯಾರಿಗರೆ ಕೊಡು" ಎಂದಳು. ನಾನು ಅದರ ಮಡಿಕೆ ಬಿಡಿಸಿ ನೋಡಲಿಲ್ಲ. ನೋಡಿದ್ದರೆ ಅದರಲ್ಲಿ ಒಂದು ತೂತೂ ಇಲ್ಲವೆಂಬುದು ತಿಳಿಯುತ್ತಿತ್ತು. ಸಹಿ ಹಾಕಿದ ಮೇಲೆ ಮತ್ತೆ ಪರೀಕ್ಷೆ ಮಾಡುವ ರೂಢಿ ನನಗಿಲ್ಲ. ಬಿಸಿಲಿಗೆ ಒಣಗಿಸಿಕೋ ಎಂದು ಹೇಳಿ ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟೆ. ಅವನಿಗೆ ಸಂತೋಷವಾಯಿತು. ಹೆಂಡತಿ ದಿವಾನಿನ ಸುತ್ತ ನುಸಿಗುಳಿಗೆ ಇಡಲು ಹೋದಳು. ಡಾಕ್ಟರು ವಾಸನೆ ಬೇಡ ಎಂದಿದ್ದಾರೆ ಎಂದು ಅತ್ತೆಯೇ ನೆನಪಿಸಿದಳು. ಮುಂದಿನ ಸಲೈನ್ ಆದ ದಿನ ಅವಳು ನಮ್ಮ ಎರಡು ಚಾದರಗಳನ್ನು ಒಂದರ ಮೇಲೊಂದು ಹೊದ್ದು ನಡುಗುತ್ತಿದ್ದುದು ನನಗೆ ನೆನಪಿದೆ.

ಕಂಬಳಿ ಹೋದ ಮೂರು ವಾರಕ್ಕೆ ಗೋಡೆಯ ಮೇಲಿನ ಹುಳಗಳ ಸಂಖ್ಯೆ ಇಪ್ಪತ್ತು ದಾಟಿತು. ಮತ್ತೊಂದು ಶನಿವಾರ ಹೆಂಡತಿ ತನ್ನ ಬ್ಯಾಂಕಿನ ನೌಕರಿಗೆ ಹೋಗಿದ್ದಳು, ನನಗೆ ರಜೆ. ಅತ್ತೆ ನನ್ನನ್ನು ಕರೆದು, ನೆಲದ ಮೇಲೆ ಪೇಪರ್ ಹಾಸು ಎಂದಳು. ಹಾಸಿದೆ. ದಿವಾನಿನ ಹಲಗೆ ಎತ್ತಿಸಿದಳು. ಒಳಗೆ ಮೂಲೆಯಲ್ಲಿದ್ದ ಹಳೆಯ ದಿಂಬಿನ ಚೀಲವೊಂದನ್ನು ತೆಗೆಯಲು ಹೇಳಿದಳು. ಬಾಯಿ ಬಿಚ್ಚಿ ಪೇಪರಿನ ಮೇಲೆ ಸುರಿದೆ.

ಕೂದಲು. ಬೆರಳಿಗೆ ಸುತ್ತಿ ಸುತ್ತಿ ಮಾಡಿದ ಸುರುಳಿಗಳು, ಎಣಿಸಲಾಗದಷ್ಟು. ಅರ್ಧ ಕಪ್ಪು, ಅರ್ಧ ಬಿಳಿ. ಇನ್ನೂ ಕೊಬ್ಬರಿ ಎಣ್ಣೆಯ ಜಿಡ್ಡಿತ್ತು. ಅದರ ನಡುವೆ ಹುಳಗಳು ಹರಿದಾಡುತ್ತಿದ್ದವು. ಗೋಡೆಯ ಮೇಲಿನವುಗಳಂತೆ ಇವು ಬೂದು ಬಣ್ಣದವಲ್ಲ. ಸುಣ್ಣ, ಮರಳು ಇಲ್ಲದ ಜಾಗದಲ್ಲಿ ಅವು ಪೂರ್ತಿ ಕೂದಲಿನಿಂದಲೇ ಚೀಲ ಹೆಣೆದುಕೊಂಡಿದ್ದವು. ಕಪ್ಪು ಬಿಳಿ ಬೆರೆತ, ಅತ್ತೆಯ ತುರುಬಿನದೇ ಬಣ್ಣದ ಚೀಲಗಳು.

ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ತಲೆ ಬಾಚಿದಾಗ ಬಂದ ಕೂದಲನ್ನು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಸಾಕಷ್ಟು ಕೂಡಿದ ಮೇಲೆ ಚವರಿ ಮಾಡಿಸಿ ತುರುಬಿಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಅಜ್ಜಿಯ ಚವರಿ ಗೂಟಕ್ಕೆ ತೂಗುತ್ತಿದ್ದುದು ನಾನೇ ಕಂಡದ್ದು. ಇದೆಲ್ಲ ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಎರಡನೆಯ ಸಲೈನ್ ಆದಾಗಿನಿಂದ ಅತ್ತೆ ದಿನಾ ಬೆಳಿಗ್ಗೆ ದಿಂಬಿನ ಮೇಲಿನದನ್ನು, ಸ್ನಾನದ ಜಾಲಿಯಲ್ಲಿನದನ್ನು ಒಂದೊಂದೇ ಹೆಕ್ಕಿ ಕೂಡಿಸಿದ್ದಳು. ಊರಿಗೆ ಹೋಗುವ ಮೊದಲು ಚವರಿ ಮಾಡಿಸಬೇಕು, ಸೆರಗಿನ ಹಿಂದೆ ಮೊದಲಿನ ಉಬ್ಬು ಇರಬೇಕು ಎಂಬುದು ಅವಳ ಲೆಕ್ಕ.

"ಅವತ್ತ ನೀ ಅಡಗಿಮನ್ಯಾಗ ಸುಟ್ಟದ್ದು ನನ್ನ ಕೂದಲಾ ಐತಿ ಅಂತ ವಾಸನಿ ಬಂದಕೂಡ್ಲೆ ನನಗ ಗೊತ್ತಾತು" ಎಂದಳು ಅತ್ತೆ. "ನೀ ಬಂದು ಕಂಬಳಿ ಅಂದಿ. ಕಂಬಳಿ ಹೋದ್ರ ಹೋಗವಲ್ದ್ಯಾಕ ಅಂತ ಕೊಟ್ಟೆ."

ನನ್ನ ಲ್ಯಾಬಿನಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ಇದೆ. ಉಣ್ಣೆಯೋ ಮನುಷ್ಯರ ಕೂದಲೋ ಎಂಬುದು ಅದರಡಿ ಇಟ್ಟ ಕೂಡಲೇ ತಿಳಿಯುತ್ತದೆ. ಸುಟ್ಟರೆ ಎರಡೂ ಒಂದೇ ವಾಸನೆ. ಇದನ್ನು ನಾನು ಹೊಸಬರಿಗೆ ಪಾಠ ಹೇಳುತ್ತೇನೆ. ಮನೆಯ ಹುಳಕ್ಕೆ ಆಫೀಸಿನ ಯಂತ್ರವೇಕೆ ಎಂದು ಒಯ್ದಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು. ತಪ್ಪು ಪರೀಕ್ಷೆಗಿಂತ ಹೆಚ್ಚಾಗಿ, ಎರಡು ತಿಂಗಳು ಎದುರಿಗೆ ಕೂತು ಊಟ ಮಾಡಿದರೂ ನಿನ್ನ ಕೂದಲು ಎಲ್ಲಿ ಹೋಯಿತು, ನಿನಗೆ ಹೇಗನ್ನಿಸುತ್ತಿದೆ ಎಂದು ಒಂದು ಮಾತು ಕೇಳಿರಲಿಲ್ಲವಲ್ಲ ಎಂದು.

ಅವಳಿಗೆ ಬೇಕಾದದ್ದು ನನ್ನ ನಾಚಿಕೆಯಲ್ಲ. "ಎಷ್ಟು ಉಳದೈತಿ ನೋಡಿ ಹೇಳು. ನಿನಗ ತಿಳೀತೈತಿ" ಎಂದಳು. ಇಡೀ ದಿನ ಇಬ್ಬರೂ ಕೂತು ಬಿಡಿಸಿದೆವು. ತುಂಡಾದದ್ದು ಒಂದು ಕಡೆ, ಉದ್ದ ಇರುವುದು ಒಂದು ಕಡೆ. ನಾನು ಗಾಜಿನಡಿ ನೋಡಿ ಹೇಳುವುದು, ಅವಳು ಸುತ್ತಿ ಇಡುವುದು. ಅರ್ಧಕ್ಕಿಂತ ಹೆಚ್ಚನ್ನು ಹುಳಗಳು ತಿಂದಿದ್ದವು. ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಉಣ್ಣೆಯ ಮಾಲಿಗೆ ನಾವು ಮಾಡುವುದು ಅದನ್ನೇ. ಸಂಜೆ ಹೆಂಡತಿ ಬಂದು ಫ್ರೀಜರ್ ತೆಗೆದು ಹಸಿ ಬಟಾಣಿಯ ಪಕ್ಕದಲ್ಲಿ ಅದನ್ನು ನೋಡಿ ನನ್ನ ಕಡೆ ತಿರುಗಿದಳು. ಹೇಳಿದೆ. ಅವಳು ಬಟಾಣಿಯನ್ನು ಹೊರಗೆ ತೆಗೆದು ಚೀಲಕ್ಕೆ ಇನ್ನಷ್ಟು ಜಾಗ ಮಾಡಿದಳು.

ದಾದರಿನ ಗಲ್ಲಿಯೊಂದರಲ್ಲಿ ಮದುಮಗಳಿಗೆ ಕಟ್ಟುವ ಗಂಗಾವನದ ಜಡೆ, ನಾಟಕದವರ ಕೂದಲಿನ ಟೋಪನ್ ಮಾಡುವ ಮುದುಕರೊಬ್ಬರು ಇದ್ದಾರೆ. ಅವರು ಕೈಯಲ್ಲಿ ಹಿಡಿದು ನೋಡಿ, ಇದು ಉದುರಿದ ಕೂದಲು, ಬುಡ ತುದಿ ಬೆರೆತಿದೆ, ಇಷ್ಟರಲ್ಲಿ ಏನೂ ಆಗದು, ಬೇರೆಯದನ್ನು ಅರ್ಧ ಸೇರಿಸಿಕೊಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ಅತ್ತೆಗೆ ಫೋನ್ ಮಾಡಿದೆ. ಬೇಡ ಎಂದಳು. ಸೆರಗಿನ ಒಳಗೆ ಅರಿವೆಯ ಉಂಡೆ ಇಟ್ಟುಕೊಂಡರೂ ಯಾರಿಗೂ ತಿಳಿಯದು, ಇದಕ್ಕೇಕೆ ಇಷ್ಟು ಹಟ ಎಂದು ಕೇಳಿದೆ. "ಮಂದಿಗೆ ತಿಳಿಯಂಗಿಲ್ಲ, ಖರೆ. ನನಗ ತಿಳೀತೈತಿ" ಎಂದಳು. ಮುದುಕರು ಇದ್ದಷ್ಟರಲ್ಲೇ ಮಾಡಿಕೊಟ್ಟರು. ಹೆಬ್ಬೆರಳಿನ ದಪ್ಪ, ಎರಡು ಗೇಣು ಉದ್ದ. ಹೆಂಡತಿ ಅದನ್ನು ಕರಿ ಹತ್ತಿಯ ಟೋಪಿಯೊಂದಕ್ಕೆ ಹೊಲಿದು, ಸುತ್ತಿ, ತುರುಬು ಕಟ್ಟಿ, ಅತ್ತೆಯ ತಲೆಗೆ ಕೂರಿಸಿದಳು. ಸೆರಗು ಹೊದ್ದ ಮೇಲೆ ಹಿಂದೆ ಲಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಮೊದಲಿನದಕ್ಕೆ ಅದು ಯಾವ ಸಾಟಿಯೂ ಅಲ್ಲ. ಅತ್ತೆ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ಬಹಳ ಹೊತ್ತು ನೋಡಿಕೊಂಡಳು. ಸಾಕು ಎಂದಳು.

ಕಂಬಳಿಯನ್ನು ವಾಪಸು ಕೇಳೋಣವೆಂದು ನಾನು ಕೆಳಗೆ ಹೋಗಿದ್ದೆ. ವಾಚ್‌ಮನ್ ಅದನ್ನು ಮಡಚಿ ತನ್ನ ಕುರ್ಚಿಯ ಮೇಲೆ ಹಾಸಿಕೊಂಡಿದ್ದ. ಕೊಟ್ಟದ್ದನ್ನು ತಿರುಗಿ ಕೇಳಬೇಡ ಎಂದು ಅತ್ತೆ ಮೊದಲೇ ಹೇಳಿದ್ದಳು. ಮಳೆಯ ಬಗ್ಗೆ ಎರಡು ಮಾತಾಡಿ ಮೇಲೆ ಬಂದೆ.

ಎಲ್ಲ ಸಲೈನ್‌ಗಳು ಮುಗಿದು, ಡಾಕ್ಟರು ಊರಿಗೆ ಹೋಗಬಹುದು ಎಂದ ಮೇಲೆ ಅವಳು ರೈಲು ಹತ್ತಿದಳು. ಹದಿನೈದು ದಿನಕ್ಕೆ ಫೋನ್ ಬಂತು. ದನಿಯಲ್ಲಿ ಸಿಟ್ಟಿತ್ತು, ನಗುವೂ ಇತ್ತು. ಅವಳ ತಲೆಯ ಕಡೆ ಯಾರೊಬ್ಬರೂ ನೋಡಿರಲಿಲ್ಲ. ಬಂದವರೆಲ್ಲ ನೋಡಿದ್ದು ಕಣ್ಣನ್ನು. ಎರಡೂ ಕಣ್ಣಿಗೆ ಹೊಸ ಬೆಳಕು ಬಂದಿದೆಯೆಂದು ರೊಟ್ಟಿಗೆ ಹಚ್ಚುವ ಎಳ್ಳಿನಿಂದ ಹಳ್ಳು, ಸಣ್ಣ ಕಲ್ಲು ಹೆಕ್ಕಿ ಹಸನು ಮಾಡುವ ಕೆಲಸವನ್ನು ಹೆಂಗಸರು ಅವಳಿಗೇ ಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಲೂ ಅಕ್ಕಪಕ್ಕದವರು ಅವಳ ಹತ್ತಿರವೇ ಬರುತ್ತಿದ್ದರು. "ಪೊರಿ ಎಲ್ಲಿ ತಗಿಸೀನಿ ನಾ? ಖರೇನ ಬಂದೈತಿ ಕಾಣಸ್ತೈತಿ. ಎಳ್ಳು ಯಾವುದು, ಹಳ್ಳು ಯಾವುದು, ಏನೂ ತಿಳಿಯವಲ್ದು" ಎಂದಳು.

ಮರುದಿನ ನನ್ನ ಎಳೆ ಎಣಿಸುವ ಗಾಜನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ವಿಜಯಪುರಕ್ಕೆ ಕೊರಿಯರ್ ಮಾಡಿದೆ. ಯಾರಾದರೂ ಕೇಳಿದರೆ ಮುಂಬಯಿಯ ಕಣ್ಣಿನ ಡಾಕ್ಟರು ಕೊಟ್ಟದ್ದು ಎಂದು ಹೇಳು ಎಂದು ಚೀಟಿ ಬರೆದು ಒಳಗಿಟ್ಟೆ. ರೂಢಿಯಂತೆ ಅದರ ಕೆಳಗೆ ಸಹಿ ಹಾಕಿದೆ.